ಬೋಗುಣಿ, ಮುಚ್ಚಳ ಮತ್ತು ನನ್ನ ಗಾಜಿನ ಅರಮನೆ

ಆಮೆಗೆ ಮನೆ ಕಟ್ಟುವುದೂ ಒಂದು ಕೆಲಸವೇ? ಬೆನ್ನ ಮೇಲೆ ಮನೆ ಹೊತ್ತುಕೊಂಡೇ ಹುಟ್ಟಿದ ಪ್ರಾಣಿಗೆ ಇನ್ನೊಂದು ಮನೆ ಬೇಕೆನ್ನುವುದೇ ದುರಾಸೆ. ಆದರೂ ಬೇಕಂತೆ. ಸರಿ, ಬೇಕೇ ಬೇಕು ಎಂದಮೇಲೆ ಅಂಥಿಂಥ ಮನೆ ಯಾಕೆ?

"ಅರಮನೆ ಕಟ್ಟಿಕೊಡ್ತೀನಿ! ಭೂಮಂಡಲದ ಯಾವ ಆಮೆಯೂ ಕನಸಲ್ಲೂ ಕಂಡಿರಬಾರದು, ಅಂಥ ಅರಮನೆ!" ಎಂದು ನಾನು ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿದೆ.

ಮೇಜಿನ ಕೆಳಗೆ ನನ್ನ ಹೆಂಡತಿಯ ಬಲಗಾಲು ನೆಲವನ್ನು ಒತ್ತಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾಳೆ. ಆ ಕಾರಿನಲ್ಲಿ ಕಲಿಯುವವರ ಕಾಲಡಿ ಒಂದು ಬ್ರೇಕು, ಕಲಿಸುವವರ ಕಾಲಡಿ ಇನ್ನೊಂದು. ವರ್ಷಗಟ್ಟಲೆ ಊರವರ ತಪ್ಪಿಗೆಲ್ಲ ತಾನು ಬ್ರೇಕು ಹಾಕಿ ಹಾಕಿ ಅವಳ ಬಲಗಾಲಿಗೆ ಸ್ವಂತ ಬುದ್ಧಿ ಬಂದುಬಿಟ್ಟಿದೆ. ಮನೆಯಲ್ಲಿ ನಾನು ಬಾಯಿ ಬಿಟ್ಟು ಜಂಬದ ಗೇರಿಗೆ ಹೋಗುವಷ್ಟರಲ್ಲಿ ಆ ಕಾಲು ತಾನಾಗಿ ನೆಲ ಒತ್ತುತ್ತದೆ. ಏನು ಮಾಡುವುದು, ಆ ಬ್ರೇಕಿಗೂ ನನಗೂ ಮಧ್ಯೆ ಯಾರೂ ತಂತಿ ಎಳೆದಿಲ್ಲ!

ಆಮೆಗಳು ಅವಳ ದೊಡ್ಡಪ್ಪನವು. ದೊಡ್ಡಪ್ಪ ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಜೀವಮಾನವಿಡೀ "ಶ್! ಸದ್ದು" ಎಂದು ಹೇಳಿದ ಫಲವಾಗಿ ಅವರ ದನಿಯೇ ಪಿಸುಮಾತಿಗೆ ಇಳಿದುಬಿಟ್ಟಿದೆ. ಅಂಥವರು ಸಾಕಲು ಆಮೆಯನ್ನಲ್ಲದೆ ಇನ್ನೇನನ್ನು ಆರಿಸಿಯಾರು? ಎರಡಿವೆ. ದೊಡ್ಡದು ಹೆಣ್ಣು, ಕವುಚಿ ಹಾಕಿದ ಪಾತ್ರೆಯ ಆಕಾರ. ಅದರ ಹೆಸರು ಬೋಗುಣಿ. ಚಿಕ್ಕದು ಗಂಡು, ಚಪ್ಪಟೆ ಮೈ, ಅದು ಮುಚ್ಚಳ. ಎರಡಕ್ಕೂ ಹೆಸರಿಟ್ಟವಳು ನನ್ನ ಹೆಂಡತಿ, ಅವಳು ಲಂಗ ಹಾಕಿಕೊಂಡು ಓಡಾಡುತ್ತಿದ್ದ ಕಾಲದಲ್ಲಿ. ಈಗ ದೊಡ್ಡಪ್ಪನ ಮಂಡಿ ಕೈಕೊಟ್ಟಿದೆ. ಬಗ್ಗಿ ಸೊಪ್ಪು ಹಾಕಲಾರರು, ಕೂತರೆ ಏಳಲಾರರು. ಹಾಗಾಗಿ ಆಮೆಗಳನ್ನು ನಮಗೆ ಕೊಡಲು ಒಪ್ಪಿದ್ದರು. ಆದರೆ ಷರತ್ತಿನ ಮೇಲೆ.

"ಮುಂದಿನ ತಿಂಗಳ ಮೊದಲ ಭಾನುವಾರ ಬರ್ತೀನಿ ಪುಟ್ಟೀ," ಎಂದು ಫೋನಿನಲ್ಲಿ ಪಿಸುಗುಟ್ಟಿದ್ದರಂತೆ. "ಬೋಗುಣಿ ಚೆನ್ನಾಗಿ ತಿಂತಿದ್ರೆ ಅಲ್ಲೇ ಇರಲಿ. ಇಲ್ಲಾಂದ್ರೆ ನನ್ನ ಹಳೇ ಸಹೋದ್ಯೋಗಿಗೆ ಕೊಟ್ಟುಬಿಡ್ತೀನಿ. ದೂರದ ಊರು ನಿಜ, ಆದ್ರೆ ಅವನಿಗೆ ದೊಡ್ಡ ಹಿತ್ತಲಿದೆ."

ಅದನ್ನು ಹೇಳುವಾಗ ನನ್ನ ಹೆಂಡತಿಯ ಮುಖ ಹೇಗಿತ್ತೆಂದರೆ, ಕಾರಿನ ಎದುರಿಗೆ ಏಕಾಏಕಿ ಎಮ್ಮೆ ಬಂದರೂ ಹಾಗಾಗುವುದಿಲ್ಲ. ನನ್ನ ಪೌರುಷ ಕೆರಳಿತು. ಅರಮನೆಯ ಘೋಷಣೆ ಹೊರಬಿದ್ದದ್ದು ಆಗಲೇ.

"ರೀ, ಅರಮನೆ ಬೇಡ," ಎಂದಳು. "ದೊಡ್ಡಪ್ಪ ಹೇಳಿದ್ದು ಕೇಳಿ. ಅಗಲ ಬೇಕು, ಎತ್ತರ ಬೇಡ. ಅಗೆಯೋಕೆ ಮಣ್ಣು ಬೇಕು. ಒಂದು ಕೊನೇಲಿ ಬಿಸಿ ದೀಪ, ಇನ್ನೊಂದು ಕೊನೇಲಿ ತಂಪು. ಬಚ್ಚಿಟ್ಟುಕೊಳ್ಳೋಕೆ ಒಂದು ಕತ್ತಲೆ ಮೂಲೆ. ಗೋಡೆ ಮರದ್ದಾಗಿರ್ಲಿ, ಗಾಜು ಬೇಡವೇ ಬೇಡ."

"ಗಾಜಿಲ್ಲದೆ ನೋಡೋದು ಹೇಗೆ?"

"ಅದು ನಾವು ನೋಡೋಕಲ್ಲ. ಅವು ಇರೋಕೆ."

ಪಾಪ, ಕಾರು ಕಲಿಸುವವಳಿಗೆ ಕಲೆ ಏನು ಗೊತ್ತು ಎಂದುಕೊಂಡೆ. ನಾನು ದೊಡ್ಡ ಬಟ್ಟೆ ಅಂಗಡಿಯೊಂದರ ಗಾಜಿನ ಕಿಟಕಿಗಳನ್ನು ಅಲಂಕರಿಸುವವನು. ರಸ್ತೆಯಲ್ಲಿ ಹೋಗುವವರು ಕತ್ತು ತಿರುಗಿಸಿ, ಕಂಬಕ್ಕೆ ಡಿಕ್ಕಿ ಹೊಡೆದು, ಆಮೇಲೆ ಒಳಗೆ ಬಂದು ಬಟ್ಟೆ ಕೊಳ್ಳುವಂತೆ ಮಾಡುವುದು ನನ್ನ ಕಸುಬು. ನನ್ನ ಕೈಕೆಳಗೆ ಇರುವುದೆಲ್ಲ ಗೊಂಬೆಗಳು. ನಿಲ್ಲಿಸಿದ ಕಡೆ ನಿಲ್ಲುತ್ತವೆ, ತಿರುಗಿಸಿದ ಕಡೆ ತಿರುಗುತ್ತವೆ, ತಲೆ ತೆಗೆದು ಪಕ್ಕಕ್ಕಿಟ್ಟರೂ ಎದುರು ಮಾತಾಡುವುದಿಲ್ಲ. ಗೊಂಬೆಗಳನ್ನೇ ಜೀವಂತವಾಗಿ ಕಾಣಿಸುವವನಿಗೆ ಜೀವಂತ ಆಮೆಗಳು ಯಾವ ಲೆಕ್ಕ?

ಅವಳು ಎದ್ದಳು. ಮಲಗುವ ಕೋಣೆಯ ಬಾಗಿಲಲ್ಲಿ ನಿಂತು ನನ್ನ ಮರದ ಬೀರುವನ್ನು ಮೇಲಿಂದ ಕೆಳಗೆ ನೋಡಿ, "ರೀ, ನಿಮ್ಮ ಬೀರು ಅಗಲ ಎಷ್ಟಿದೆ?" ಎಂದು ಕೇಳಿದಳು.

ನನ್ನ ಹುಟ್ಟುಹಬ್ಬ ಹತ್ತಿರವಿತ್ತು. ಹೊಸ ಕೋಟು ತರುತ್ತಾಳೆ, ಅದನ್ನು ತೂಗುಹಾಕಲು ಜಾಗ ನೋಡುತ್ತಿದ್ದಾಳೆ ಎಂದು ನಾನು ಒಳಗೊಳಗೇ ಹಿಗ್ಗಿಹೋದೆ. ಏನೂ ಗೊತ್ತಾಗದವನಂತೆ ನಟಿಸಿ, "ಬೇಕಾದಷ್ಟಿದೆ ಬಿಡೇ!" ಎಂದೆ.

ಅರಮನೆ ಸಿದ್ಧವಾಯಿತು. ಅಂಗಡಿಯ ಗೋದಾಮಿನಲ್ಲಿ ಮೂಲೆಗುಂಪಾಗಿದ್ದ ಹಳೆಯ ಶೋಕೇಸೊಂದನ್ನು ಮ್ಯಾನೇಜರನ್ನು ಗೋಗರೆದು ಮನೆಗೆ ಸಾಗಿಸಿದೆ. ಎದುರಿಗೆ ಅತ್ತಿತ್ತ ಸರಿಯುವ ಎರಡು ಗಾಜುಗಳು, ಮೇಲೆ ಸಾಲಾಗಿ ಸ್ಪಾಟ್‌ಲೈಟು, ಒಳಗೆ ಥರ್ಮಾಕೋಲಿನ ಹಿಮಪರ್ವತ, ತಳಕ್ಕೆ ಹಸಿರು ಪ್ಲಾಸ್ಟಿಕ್ ಹುಲ್ಲು. ಇನ್ನು ಹಿಂಗೋಡೆಗೆ ಪೂರ್ತಿ ಕನ್ನಡಿ! ಇದು ನಮ್ಮ ಕಸುಬಿನ ಬ್ರಹ್ಮಾಸ್ತ್ರ. ಹಿಂದೊಂದು ಕನ್ನಡಿ ನಿಲ್ಲಿಸಿದರೆ ಗೂಡಿನಷ್ಟು ಜಾಗ ಸಭಾಂಗಣವಾಗುತ್ತದೆ, ಐದು ಜೊತೆ ಷೂ ಹತ್ತು ಜೊತೆಯಾಗುತ್ತದೆ. ಹೆಂಡತಿ ಅಗಲ ಬೇಕೆಂದಳಲ್ಲ, ಒಂದಕ್ಕೆರಡು ಅಗಲ ತೋರಿಸಿದ್ದೆ. ಇಡೀ ವೈಭವವನ್ನು ಹಾಲಿನಲ್ಲಿ, ಬಟ್ಟೆ ಕತ್ತರಿಸಲು ಬಳಸುತ್ತಿದ್ದ ಮಡಚುವ ಮೇಜಿನ ಮೇಲೆ, ಸರಿಯಾಗಿ ಕಣ್ಣಿನ ಎತ್ತರಕ್ಕೆ ಪ್ರತಿಷ್ಠಾಪಿಸಿದೆ.

ಅವಳು ಆಮೆಗಳನ್ನು ಬುಟ್ಟಿಯಲ್ಲಿಟ್ಟು, ಬುಟ್ಟಿಗೆ ಸೀಟ್‌ಬೆಲ್ಟು ಹಾಕಿ, ಕಾರಿನಲ್ಲಿ ಕರೆದುಕೊಂಡು ಬಂದಳು. ನಾನು ಹಾಲಿನ ದೀಪ ಆರಿಸಿ, ಒಂದು ಕ್ಷಣ ಕಾಯಿಸಿ, ಸ್ಪಾಟ್‌ಲೈಟುಗಳನ್ನು ಒಟ್ಟಿಗೇ ಹೊತ್ತಿಸಿದೆ.

"ಹೇಗಿದೆ?"

ಅವಳು ತುಂಬ ಹೊತ್ತು ನೋಡಿದಳು. "ಚೆನ್ನಾಗಿದೆ. ಒಂದು ಬೋರ್ಡು ಮಾತ್ರ ಕಮ್ಮಿ ಇದೆ."

"ಏನಂತ?"

"ಹೊಸ ದಾಸ್ತಾನು ಬಂದಿದೆ, ಬೇಗನೆ ಬನ್ನಿ ಅಂತ."

ನಕ್ಕು ಹಗುರಾಗಿ, ಹಿಮಪರ್ವತವನ್ನು ಮಾತ್ರ ಎತ್ತಿ ಹೊರಗಿಟ್ಟಳು. ಕಚ್ಚಿ ತಿಂದರೆ ಹೊಟ್ಟೆಗೆ ಹೋಗುತ್ತದಂತೆ. ಉಳಿದದ್ದಕ್ಕೆ, "ನೀವು ಇಷ್ಟು ಕಷ್ಟಪಟ್ಟಿದೀರಿ, ಕೆಲವು ದಿನ ನೋಡೋಣ," ಎಂದಳು. ಕಲಿಯುವವರಿಗೆ ಖಾಲಿ ಮೈದಾನದಲ್ಲಿ ಸ್ಟಿಯರಿಂಗು ಕೊಡುವಾಗಲೂ ಅವಳದು ಇದೇ ದನಿ.

ಮರುದಿನ ಅವಳು ಕೆಲಸಕ್ಕೆ ಹೋದಳು. ನನಗೆ ರಜೆ. ಕುರ್ಚಿ ಎಳೆದುಕೊಂಡು ಅರಮನೆಯ ಮುಂದೆ ಕೂತೆ. ಬೋಗುಣಿ ತಲೆ ಒಳಗೆಳೆದುಕೊಂಡು ಮೂಲೆ ಸೇರಿತ್ತು. ಮುಚ್ಚಳ ಮಾತ್ರ ಕತ್ತು ಚಾಚಿ, ಗಂಭೀರವಾಗಿ ಹೆಜ್ಜೆ ಹಾಕುತ್ತ, ಹಿಂಗೋಡೆಯ ಹತ್ತಿರ ಹೋಯಿತು. ಅಲ್ಲಿ ಇನ್ನೊಂದು ಗಂಡಾಮೆ ಇತ್ತು. ಅದೇ ಎತ್ತರ, ಅದೇ ಕೊಬ್ಬು. ಮುಚ್ಚಳ ಅದನ್ನು ನೋಡಿತು. ಅದೂ ನೋಡಿತು. ಮುಚ್ಚಳ ಹಿಂದೆ ಸರಿಯಿತು, ತಲೆ ಒಳಗೆಳೆದುಕೊಂಡಿತು, ಮುನ್ನುಗ್ಗಿತು.

ಟಕ್!

ಕನ್ನಡಿಯೊಳಗಿನವನೂ ಸರಿಯಾಗಿ ಅದೇ ಹೊತ್ತಿಗೆ ಗುದ್ದಿದ. ಇಬ್ಬರೂ ಹಿಂದೆ ಸರಿದರು. ಟಕ್! ಮತ್ತೆ. ಟಕ್! ನನಗೋ ರೋಮಾಂಚನ. ಎಂಥ ಛಲ, ಎಂಥ ಶೌರ್ಯ! ಸೋಲದ ಶತ್ರು, ಸೋಲೊಪ್ಪದ ವೀರ! ನಾನು ಒಂದು ಸೋಲು ಕಂಡರೆ ವಾರಗಟ್ಟಲೆ ಮುಖ ಊದಿಸಿಕೊಂಡು ಕೂರುತ್ತೇನೆ. ಇದು ಉಸಿರೂ ಬಿಡದೆ ಮತ್ತೆ ತಲೆ ಕೊಡುತ್ತದಲ್ಲ! ನಾನು ಚಪ್ಪಾಳೆಯನ್ನೂ ತಟ್ಟಿದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಮಧ್ಯಾಹ್ನ ಬಾಗಿಲು ಬಡಿಯಿತು. ಕೆಳಮನೆಯ ನರ್ಸು. ಇಡೀ ಕಟ್ಟಡ ಅವರನ್ನು ಸಿಸ್ಟರ್ ಎಂದೇ ಕರೆಯುವುದು. ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ದುಡಿದು ಹಗಲು ನಿದ್ದೆ ಮಾಡುವವರು. ಕೂದಲು ಕೆದರಿತ್ತು, ಒಂದು ಕಣ್ಣು ಮಾತ್ರ ತೆರೆದಿತ್ತು.

"ಸಾರ್, ಬೆಳಗ್ಗಿಂದ ಯಾರು ಮೊಳೆ ಹೊಡೀತಿರೋದು?"

"ಮೊಳೆ ಅಲ್ಲ ಸಿಸ್ಟರ್, ಆಮೆ."

ಸಿಸ್ಟರ್ ಇನ್ನೊಂದು ಕಣ್ಣನ್ನೂ ತೆರೆದರು. ನಾನು ಹೆಮ್ಮೆಯಿಂದ ಒಳಗೆ ಕರೆದು ತೋರಿಸಿದೆ. ಟಕ್! ಆ ಸದ್ದು ಶೋಕೇಸಿನಿಂದ ಮೇಜಿನ ಕಾಲಿಗೆ, ಕಾಲಿನಿಂದ ನೆಲಕ್ಕೆ, ನೆಲದಿಂದ ನೇರ ಅವರ ತಲೆದಿಂಬಿಗೆ ಇಳಿಯುತ್ತಿತ್ತಂತೆ. "ಎಂಥಾ ಗಟ್ಟಿ ಜೀವ ಸಾರ್ ಇದು," ಎಂದು ಅವರೂ ಒಂದು ಗಳಿಗೆ ಬೆರಗಾಗಿ ನಿಂತರು. ಆಮೇಲೆ, "ಹೇಗಾದ್ರೂ ಮಾಡಿ ಇವರಿಬ್ಬರಿಗೂ ರಾಜಿ ಮಾಡಿಸಿ, ಕೈಮುಗೀತೀನಿ," ಎಂದು ಹೋದರು.

ನಾನು ಕನ್ನಡಿಯ ಮೇಲೆ ಬೆಡ್‌ಶೀಟು ಇಳಿಬಿಟ್ಟೆ. ಮುಚ್ಚಳ ಅದರ ಅಂಚು ಕಚ್ಚಿ ಎಳೆದು, ಅಡಗಿದ್ದ ಶತ್ರುವನ್ನು ಹೊರಗೆಡವಿತು. ಕಂದು ಕಾಗದ ತಂದು ಕನ್ನಡಿಗೆ ಪೂರ್ತಿ ಅಂಟಿಸಿದೆ. ಶತ್ರು ನಾಶವಾದ. ಈಗ ಮುಚ್ಚಳ ಎದುರಿನ ಗಾಜಿನ ಕಡೆ ತಿರುಗಿತು. ಗಾಜಿನ ಆಚೆ ನಮ್ಮ ಹಾಲ್ ಕಾಣುತ್ತದೆ, ಸೋಫಾ ಕಾಣುತ್ತದೆ, ನಾನು ಕಾಣುತ್ತೇನೆ. ಕಾಣುವ ಜಾಗಕ್ಕೆ ಹೋಗಲಾಗದು ಎಂಬುದನ್ನು ನಂಬಲು ಅದು ತಯಾರಿರಲಿಲ್ಲ. ಗಾಜಿಗೆ ಮೂತಿ ಒತ್ತಿ, ನಾಲ್ಕೂ ಕಾಲಿನಿಂದ ಪರಪರ ಕೆರೆಯುತ್ತ, ಇದ್ದಲ್ಲೇ ಪ್ರಯಾಣ ಶುರುಮಾಡಿತು. ಸಿಸ್ಟರ್ ಎರಡನೆಯ ಸಲ ಹತ್ತಿ ಬಂದರು. ನಾನು ಎದುರಿನ ಗಾಜಿಗೂ ಕಂದು ಕಾಗದ ಅಂಟಿಸಿದೆ.

ಸಂಜೆ ಹೆಂಡತಿ ಬಂದು, ಹಿಂದೆ ಮುಂದೆ ಕಾಗದ ಮೆತ್ತಿಕೊಂಡು ನಿಂತಿದ್ದ ನನ್ನ ಕಲಾಕೃತಿಯನ್ನು ನೋಡಿದಳು.

"ಅಂಗಡಿ ಮುಚ್ಚಿದ್ರಾ?"

"ಇಲ್ಲ, ಇಲ್ಲೊಂದು ತೂತು ಬಿಟ್ಟಿದೀನಿ, ನೋಡು," ಎಂದೆ. ಅವಳು ತೂತಿಗೆ ಕಣ್ಣಿಟ್ಟಳು. ನಗು ನಿಂತಿತು.

ಬೋಗುಣಿ ಅದೇ ಮೂಲೆಯಲ್ಲಿತ್ತು. ಬೆಳಗ್ಗೆ ಹಾಕಿದ ಸೊಪ್ಪು ಹಾಗೆಯೇ ಬಾಡಿತ್ತು. ಅವಳು ಕೈಚೀಲದಿಂದ ಒಂದು ಕೆಂಪು ದಾಸವಾಳ ತೆಗೆದಳು. ಡ್ರೈವಿಂಗ್ ಸ್ಕೂಲಿನ ಬೇಲಿಯಲ್ಲಿ ಬಿಟ್ಟದ್ದು. ಒಂದೊಂದೇ ಎಸಳು ಕಿತ್ತು ಚಿಪ್ಪಿನ ಮುಂದೆ ಹಿಡಿದಳು. ತಲೆ ಹೊರಬರಲಿಲ್ಲ.

ದಿನಗಳು ಹೀಗೇ ಹೋದವು. ಮುಚ್ಚಳ ಒಂದಿಷ್ಟು ತಿನ್ನುತ್ತಿತ್ತು, ಯುದ್ಧಕ್ಕೆ ಬಲ ಬೇಕಲ್ಲ. ಬೋಗುಣಿ ಮಾತ್ರ ಮುಟ್ಟಲಿಲ್ಲ. ದಿನವೂ ಕೆಂಪು ಹೂವು ಬಂತು, ದಿನವೂ ಬಾಡಿತು. ಶನಿವಾರ ಅವಳು ಶೋಕೇಸಿನ ಪಕ್ಕ ನೆಲದ ಮೇಲೆ ಕೂತುಬಿಟ್ಟಳು.

"ಚಿಕ್ಕೋಳಿದ್ದಾಗ ಸ್ಕೂಲಲ್ಲಿ ಬೈಸ್ಕೊಂಡು ಬಂದ್ರೆ ನಾನು ಸೀದಾ ದೊಡ್ಡಪ್ಪನ ಮನೆಗೆ ಹೋಗಿ ಇವಳ ಪಕ್ಕ ಕೂತ್ಕೊಳ್ತಿದ್ದೆ," ಎಂದಳು. "ಇವಳು ಏನೂ ಹೇಳ್ತಿರ್ಲಿಲ್ಲ. ಯಾಕೆ ಅಳ್ತೀಯಾ ಅಂತಾನೂ ಕೇಳ್ತಿರ್ಲಿಲ್ಲ. ನಾನು ಹೂವು ಹಿಡಿದ್ರೆ ತಿನ್ನೋಳು, ಅಷ್ಟೆ. ಅಷ್ಟು ಸಾಕಾಗ್ತಿತ್ತು. ಈಗ ನನ್ನ ಕೈ ನೋಡಿ ತಲೆ ಒಳಗೆ ಎಳ್ಕೋತಾಳೆ ಕಣ್ರೀ. ನಾಳೆ ದೊಡ್ಡಪ್ಪ ಬಂದ್ರೆ ಏನು ಹೇಳ್ಲಿ?"

ಅವಳು ನನ್ನ ಮೇಲೆ ರೇಗಿದ್ದರೆ ಎಷ್ಟೋ ಸಲೀಸಾಗಿರುತ್ತಿತ್ತು. ರೇಗಲಿಲ್ಲ. ಬಲಗಾಲು ಕೂಡ ಸುಮ್ಮನಿತ್ತು.

ಇಷ್ಟಾದ ಮೇಲೆ ಬುದ್ಧಿ ಇರುವವನು ಏನು ಮಾಡುತ್ತಾನೆ? ಹೆಂಡತಿಯನ್ನು ಕೇಳುತ್ತಾನೆ. ನಾನು ಏನು ಮಾಡಿದೆ? ಭಾನುವಾರ ಬೆಳಗ್ಗೆ ಅವಳು ಪಾಠಕ್ಕೆ ಹೋಗುವುದನ್ನೇ ಕಾದು, ಮಣ್ಣು ತಂದೆ! ಅಗೆಯಲು ಮಣ್ಣು ಬೇಕು ಎಂದಿದ್ದರಲ್ಲ ದೊಡ್ಡಪ್ಪ, ತಗೊಳ್ಳಿ ಮಣ್ಣು! ಹೂಕುಂಡದ ಅಂಗಡಿಯಿಂದ ಚೀಲಗಟ್ಟಲೆ ತರಿಸಿದೆ. ಆಮೆಗಳನ್ನು ಬುಟ್ಟಿಗೆ ವರ್ಗಾಯಿಸಿ, ಪ್ಲಾಸ್ಟಿಕ್ ಹುಲ್ಲು ಕಿತ್ತೆಸೆದು, ಚೀಲದ ಮೇಲೆ ಚೀಲ ಸುರಿದೆ. ಹದವಾಗಿರಲೆಂದು ನೀರು ಚಿಮುಕಿಸಿದೆ. ಆಮೆಗಳನ್ನು ಮೆತ್ತಗೆ ಮೇಲೆ ಬಿಟ್ಟೆ. ಬೋಗುಣಿ ತಲೆ ಹೊರಗೆ ಹಾಕಿತು! ಮಣ್ಣಿನ ವಾಸನೆ ನೋಡಿತು!

"ಗೆದ್ದೆ!" ಎಂದು ಕೂಗಿ, ಸೊಂಟದ ಮೇಲೆ ಕೈಯಿಟ್ಟು, ದೂರದಿಂದ ಹೇಗೆ ಕಾಣುತ್ತದೆಂದು ನೋಡಲು ಹಿಂದೆ ಸರಿದೆ. ಹಿಂದೆ ಸರಿದು ನೋಡುವುದು ನಮ್ಮ ಕಸುಬಿನ ಅಭ್ಯಾಸ.

ಮಡಚುವ ಮೇಜು ಮಡಚಿಕೊಂಡಿತು.

ಅದರ ತಪ್ಪೇನಿಲ್ಲ, ಅದು ಹುಟ್ಟಿದ್ದೇ ಅದಕ್ಕೆ. ಎದುರಿನ ಎರಡು ಕಾಲು ನಿಧಾನವಾಗಿ ಮಂಡಿಯೂರಿದವು. ಶೋಕೇಸು ನನ್ನ ಕಡೆ ಬಾಗಿತು. ಗಾಜುಗಳು ತಮ್ಮ ಜಾಡಿನಿಂದ ಜಾರಿ, ಒಡೆಯದೆ, ಸೋಫಾದ ಮೇಲೆ ಒರಗಿಕೊಂಡವು. ಆಮೇಲೆ ಮಣ್ಣು ಬಂತು. ಹಾಲಿನ ಆ ತುದಿಯಿಂದ ಈ ತುದಿಯವರೆಗೆ ಬಂತು. ಆ ಮಣ್ಣಿನ ಅಲೆಯ ಮೇಲೆ ಬೋಗುಣಿ ಮುಂದೆ, ಮುಚ್ಚಳ ಹಿಂದೆ, ತಲೆಯೆತ್ತಿ ಕೂತು, ಒಂದಿಷ್ಟೂ ಗಾಬರಿಯಿಲ್ಲದೆ ಇಳಿದು ಬಂದವು. ಅವುಗಳ ಜಾಗದಲ್ಲಿ ನಾನಿದ್ದಿದ್ದರೆ ಊರೆಲ್ಲ ಕೇಳುವಂತೆ ಕಿರುಚುತ್ತಿದ್ದೆ. ನನ್ನ ಜಾಗದಲ್ಲಿದ್ದೂ ಹಾಗೇ ಕಿರುಚಿದೆ.

ಎರಡಕ್ಕೂ ಪೆಟ್ಟಾಗಿಲ್ಲವೆಂದು ಮುಟ್ಟಿ ನೋಡಿಕೊಂಡೆ. ಅಷ್ಟರಲ್ಲಿ ಬಾಗಿಲು ಬಡಿಯಿತು. ಇನ್ಯಾರು, ಸಿಸ್ಟರ್. ಆಗಷ್ಟೇ ಮಲಗಿದ್ದರಂತೆ.

"ಸಾರ್, ಈ ಸಲ ಯಾರು ಗೆದ್ದಿದ್ದು?"

ನಾನು ವಿಷಯ ವಿವರಿಸಿ, ಕ್ಷಮೆ ಕೇಳಿ, ತಿರುಗಿ ನೋಡಿದರೆ ಆಮೆಗಳಿಲ್ಲ!

ಮಹನೀಯರೇ, ಯೋಚಿಸಿ ನೋಡಿ. ನಾಯಿ ಓಡಿಹೋಯಿತು ಅಂದರೆ ಜನ ಅಯ್ಯೋ ಅನ್ನುತ್ತಾರೆ. ಗಿಳಿ ಹಾರಿಹೋಯಿತು ಅಂದರೂ ಅನ್ನುತ್ತಾರೆ. ಆಮೆ ಕೈಗೆ ಸಿಗದೆ ಓಡಿಹೋಯಿತು ಎಂದು ಯಾರ ಹತ್ತಿರ ಹೇಳಿಕೊಳ್ಳಲಿ? ಸಿಸ್ಟರ್ ಪಾಪ, ನಿದ್ದೆಗಣ್ಣಲ್ಲೇ ಹುಡುಕಲು ನಿಂತರು. ನಾನು ಫ್ರಿಜ್ಜಿನ ಕೆಳಗೆ, ಅವರು ಸೋಫಾದ ಕೆಳಗೆ. ನಾನು ಅಡುಗೆಮನೆ, ಅವರು ಪರದೆಯ ಹಿಂದೆ. ನಾನು ಬಾತ್‌ರೂಮಿನಿಂದ ಹೊರಬಂದಾಗ ಅವರು, "ಸಾರ್, ಒಂದೇ ನಿಮಿಷ ಕೂತ್ಕೋತೀನಿ," ಎಂದು ಗಾಜುಗಳನ್ನು ಪಕ್ಕಕ್ಕೆ ಸರಿಸಿ ಸೋಫಾದಲ್ಲಿ ಕೂತರು. ಕೂತವರು ಒರಗಿದರು. ಒರಗಿದವರು ಗೊರಕೆ ಹೊಡೆದರು.

ಆಗ ಬೀಗದಲ್ಲಿ ಕೀಲಿ ತಿರುಗಿತು. ಹೆಂಡತಿ ದೊಡ್ಡಪ್ಪನನ್ನು ದಾರಿಯಲ್ಲೇ ಕಾರಿಗೆ ಹತ್ತಿಸಿಕೊಂಡು ಬಂದಿದ್ದಳು.

ಅವರಿಬ್ಬರ ಕಣ್ಣಿಗೆ ಬಿದ್ದದ್ದು ಇಷ್ಟು: ಮಂಡಿಯೂರಿದ ಮೇಜು, ಬಾಯಿ ತೆರೆದು ಬಿದ್ದ ಶೋಕೇಸು, ಹಾಲಿನ ತುಂಬ ಹೊಲ, ಸೋಫಾದ ಮೇಲೆ ಮಲಗಿದ ಕೆಳಮನೆಯ ಹೆಂಗಸು, ಮಧ್ಯದಲ್ಲಿ ತಲೆಯಿಂದ ಕಾಲಿನವರೆಗೆ ಮಣ್ಣಾಗಿ ನಿಂತ ಅಳಿಯ.

ದೊಡ್ಡಪ್ಪ ಊರುಗೋಲು ಊರಿ, ಸಿಸ್ಟರ್ ಕಡೆ ನೋಡಿ, ಎಂದಿಗಿಂತಲೂ ಮೆತ್ತಗೆ ಪಿಸುಗುಟ್ಟಿದರು. "ಅಳಿಯಂದ್ರೇ, ಬೋಗುಣಿ ಎಲ್ಲಿ?"

ಹೆಂಡತಿಯ ಕಡೆ ನೋಡುವ ಧೈರ್ಯವಾಗಲಿಲ್ಲ. "ಇಲ್ಲೇ ಎಲ್ಲೋ ಇದೆ," ಎಂದೆ. "ಮೇಜು ಬಿತ್ತು. ಪೆಟ್ಟಾಗಿಲ್ಲ, ನಾನು ನೋಡಿದೆ. ಆಮೇಲೆ ಕಾಣಿಸ್ತಿಲ್ಲ. ತಪ್ಪಾಯ್ತು ಕಣೇ. ನೀನು ಹೇಳಿದ ಒಂದು ಮಾತನ್ನೂ ನಾನು ಕೇಳಲಿಲ್ಲ."

ಕೂಗುತ್ತಾಳೆ ಎಂದುಕೊಂಡೆ. ಅವಳು ಚಪ್ಪಲಿ ಬಿಟ್ಟಳು. ಗೋಡೆಗೆ ಕಾರು ತಾಗಿಸಿ ಬೆವತುಹೋದವರಿಗೆ ಹೇಳುತ್ತಾಳಲ್ಲ, ಅದೇ ದನಿಯಲ್ಲಿ ಹೇಳಿದಳು.

"ಗಾಡಿ ನಿಂತಿದೆ ತಾನೆ? ಸರಿ. ಮೊದ್ಲು ಉಸಿರು ತಗೊಳ್ಳಿ. ಯಾರಿಗೂ ಏಟಾಗಿಲ್ಲ ಅಂದ್ರಲ್ಲ, ಅಷ್ಟು ಸಾಕು. ಮಿಕ್ಕ ಮಾತು ಆಮೇಲೆ. ಈಗ ಎಲ್ರೂ ಸುಮ್ನಿರಿ, ಕೇಳಿಸ್ಕೊಳ್ಳೋಣ."

ಹದಿನೆಂಟು ತುಂಬಿದವರಿಂದ ಹಿಡಿದು ತಾತಂದಿರವರೆಗೆ ಊರಿನ ಅರ್ಧ ಜನ ಇವಳ ಹತ್ತಿರವೇ ಕಾರು ಕಲಿಯಬೇಕೆಂದು ಯಾಕೆ ಸಾಲು ನಿಲ್ಲುತ್ತಾರೆ ಎಂಬುದು ನನಗೆ ಅವತ್ತು ಗೊತ್ತಾಯಿತು. ಅವಳ ಪಕ್ಕದಲ್ಲಿ ತಪ್ಪು ಮಾಡಿದವನಿಗೂ ಮತ್ತೆ ಗಾಡಿ ಓಡಿಸುವ ಧೈರ್ಯ ಉಳಿಯುತ್ತದೆ. ನಾನು ಉಸಿರು ತೆಗೆದುಕೊಂಡೆ. ಎಲ್ಲರೂ ಸುಮ್ಮನಾದೆವು. ಸಿಸ್ಟರ್ ಕೂಡ ಗೊರಕೆ ನಿಲ್ಲಿಸಿ ಮಗ್ಗುಲಾದರು.

ಟಕ್.

"ಮುಚ್ಚಳ!" ಎಂದು ಮೂವರೂ ಒಟ್ಟಿಗೇ ಪಿಸುಗುಟ್ಟಿದೆವು.

ಸದ್ದು ಮಲಗುವ ಕೋಣೆಯದು. ನನ್ನ ಮರದ ಬೀರುವಿನ ಬಾಗಿಲಿಗೆ ಹೊರಗಡೆ ಉದ್ದನೆಯ ಕನ್ನಡಿ ಇದೆ. ಆ ಬಾಗಿಲಿನ ಚಿಲಕ ಮುರಿದು ಎಷ್ಟೋ ಕಾಲವಾಗಿದೆ. ಇವತ್ತು ಸರಿ ಮಾಡ್ತೀನಿ, ನಾಳೆ ಮಾಡ್ತೀನಿ ಎಂದು ನಾನು ಹೇಳುತ್ತ ಬಂದಿರುವುದರಿಂದ ಅದು ಸದಾ ಅರೆತೆರೆದೇ ಇರುತ್ತದೆ. ಮುಚ್ಚಳ ಅಲ್ಲಿ ತನ್ನ ಹಳೆಯ ಶತ್ರುವನ್ನು ಪತ್ತೆಹಚ್ಚಿತ್ತು. ಹೇಡಿ ಇಲ್ಲಿ ಬಂದು ಅವಿತಿದ್ದಾನೆ! ಟಕ್! ಬಾಗಿಲು ಮುಚ್ಚುತ್ತಿತ್ತು. ಚಿಲಕವಿಲ್ಲದ್ದರಿಂದ ಮತ್ತೆ ತೆರೆಯುತ್ತಿತ್ತು. ಶತ್ರು ಮತ್ತೆ ಬರುತ್ತಿದ್ದ. ಟಕ್!

ಹೆಂಡತಿ ಮುಚ್ಚಳವನ್ನು ಎತ್ತಿ ನನ್ನ ಕೈಗೆ ಕೊಟ್ಟು, ಬಾಗಿಲನ್ನು ಪೂರ್ತಿ ತೆರೆದಳು. ಬೀರುವಿನ ತಳದಲ್ಲಿ, ತೂಗುಹಾಕಿದ ಬಟ್ಟೆಗಳ ಕೆಳಗಿನ ಕತ್ತಲೆಯಲ್ಲಿ, ಕೊಕ್ಕೆಯಿಂದ ಜಾರಿಬಿದ್ದ ನನ್ನ ಏಕೈಕ ಉಣ್ಣೆ ಕೋಟಿನ ಮೇಲೆ ಬೋಗುಣಿ ಇತ್ತು. ಕೋಟಿನ ಬೆನ್ನನ್ನು ಮುಂಗಾಲಿನಿಂದ ಕೆರೆದು ಕೆರೆದು, ಸೊಗಸಾಗಿ ಒಂದು ಗುಳಿ ತೋಡಿಕೊಂಡು, ಅದರಲ್ಲಿ ಕೂತಿತ್ತು. ಕಾಲು ನಾಲ್ಕೂ ಆರಾಮವಾಗಿ ಹೊರಗೆ. ಕತ್ತು ಹೊರಗೆ. ಕೋಟಿನ ಗುಂಡಿಯೊಂದನ್ನು ಮೂಸುತ್ತಿತ್ತು.

ಹೆಂಡತಿ ಅಲ್ಲೇ ನೆಲದ ಮೇಲೆ ಕೂತು ಕೈಚೀಲದಿಂದ ದಾಸವಾಳ ತೆಗೆದಳು. ಒಂದು ಎಸಳು ಹಿಡಿದಳು. ಬೋಗುಣಿ ಅವಳ ಕೈಯನ್ನು ನೋಡಿತು. ಆ ಸುಕ್ಕುಗಟ್ಟಿದ ಕತ್ತು ನಿಧಾನವಾಗಿ ಉದ್ದವಾಯಿತು, ಇನ್ನೂ ಉದ್ದವಾಯಿತು, ಬಾಯಿ ತೆರೆಯಿತು, ಎಸಳಿನ ತುದಿ ಮಾಯವಾಯಿತು.

"ತಿಂದ್ಳು ದೊಡ್ಡಪ್ಪ," ಎಂದಳು ಅವಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಇನ್ನೊಂದು ಎಸಳು ಕಿತ್ತಳು. ನನಗೂ ಕಣ್ಣು ಮಂಜಾಯಿತು. ಮಣ್ಣು ಹೋಗಿರಬೇಕು ಎಂದು ಹೇಳಿದೆ, ಯಾರೂ ನಂಬಲಿಲ್ಲ.

ದೊಡ್ಡಪ್ಪ ಮಂಚದ ಅಂಚಿನಲ್ಲಿ ಕೂತು, ಬೀರುವನ್ನೂ ಬೋಗುಣಿಯನ್ನೂ ನೋಡಿ ತಲೆದೂಗಿದರು. "ಜಾಗ ಅವಳೇ ಆರಿಸ್ಕೊಂಡಾಯ್ತಲ್ಲ."

ಹೆಂಡತಿ ನನ್ನ ಕಡೆ ತಿರುಗಿ, "ರೀ, ನಿಮ್ಮ ಬೀರು ಅಗಲ ಎಷ್ಟಿದೆ?" ಎಂದಳು.

ಆಗ ನನಗೆ ಹೊಳೆಯಿತು. ಕೋಟಿಗಲ್ಲ! ಅವಳು ಅಂದೇ ಕೇಳಿದ್ದು ಕೋಟಿಗಲ್ಲ! ಬಾಗಿಲು ಕಳಚಿ, ಬೆನ್ನು ಕೆಳಗೆ ಮಾಡಿ ನೆಲದ ಮೇಲೆ ಮಲಗಿಸಿದರೆ ಬೀರು ಎನ್ನುವುದು ಅಗಲವಾದ, ತಗ್ಗಾದ, ನಾಲ್ಕೂ ಕಡೆ ಮರದ ಗೋಡೆಯ, ಮೇಲೆ ತೆರೆದ ಪೆಟ್ಟಿಗೆ. ಗಾಜಿಲ್ಲ, ಕನ್ನಡಿಯಿಲ್ಲ, ಬೀಳಲು ಎತ್ತರವಿಲ್ಲ. ಅರಮನೆ ಮೊದಲ ದಿನದಿಂದಲೂ ನನ್ನ ಅಂಗಿಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಮನೆಯೊಳಗೇ ನಿಂತಿತ್ತು! ಒಂದು ನೋಟಕ್ಕೆ ಅದನ್ನು ಕಂಡವಳು ಇವಳು. ಇವಳಿಗೆ ಕಲೆ ಏನು ಗೊತ್ತು ಎಂದುಕೊಂಡವನು ನಾನು.

"ಅವತ್ತೇ ಯಾಕೆ ಹೇಳಲಿಲ್ಲ?"

"ಬ್ರೇಕ್ ಹಾಕ್ದೆ. ಗಾಡಿ ನಿಲ್ಲಲಿಲ್ಲ."

ಬೀರುವನ್ನು ಖಾಲಿ ಮಾಡಿ ಮಲಗಿಸುವ ಸದ್ದಿಗೆ ಸಿಸ್ಟರ್ ಎದ್ದು ಬಂದರು. "ಪೇಶೆಂಟ್‌ನ ಮಲಗಿಸೋದು ನನಗೆ ಬಿಡಿ ಸಾರ್," ಎಂದು ಒಂದು ತುದಿ ಹಿಡಿದರು. ಗುಡಿಸಿದ ಮಣ್ಣನ್ನು ನಾನೇ ಹೊತ್ತು ತುಂಬಿದೆ. ಬೀರುವಿನ ನಡುವೆ ಇದ್ದ ಹಲಗೆಗೆ ಗರಗಸ ಹಿಡಿದು ಕಮಾನಿನ ಬಾಗಿಲು ಕೊಯ್ದೆ, ಚಿಪ್ಪಿಗೆ ತರಚದಂತೆ ಅಂಚು ಉಜ್ಜಿದೆ. ಈಚೆ ಕೋಣೆಗೆ ಬಿಸಿ ದೀಪ, ಆಚೆ ಕೋಣೆ ತಂಪು, ಮೂಲೆಯಲ್ಲೊಂದು ಕತ್ತಲೆ ಗೂಡು. ಅಂಗಡಿಯ ಕಿಟಕಿಯಲ್ಲಿ ನಾನು ಮಾಡಿದ ಯಾವ ಕೆಲಸವೂ ಇಷ್ಟು ಕೆಟ್ಟದಾಗಿ ಕಂಡಿರಲಿಲ್ಲ. ಯಾವುದೂ ನನಗೆ ಇಷ್ಟು ಸಂತೋಷವನ್ನೂ ಕೊಟ್ಟಿರಲಿಲ್ಲ. ಮುಚ್ಚಳ ಮೂಲೆ ಮೂಲೆ ಸುತ್ತಿ ಶತ್ರುವನ್ನು ಹುಡುಕಿತು. ಅವನೆಲ್ಲೂ ಇಲ್ಲವೆಂದು ಖಾತ್ರಿಯಾದ ಮೇಲೆ ದೀಪದ ಕೆಳಗೆ ಕಾಲು ಚಾಚಿ ಮಲಗಿತು. ಕೋಟಿನ ಮೇಲಿನ ಹಕ್ಕನ್ನು ಬೋಗುಣಿ ಬಿಟ್ಟುಕೊಡಲಿಲ್ಲ. ಅದರ ಒಂದು ತೋಳು ಈಗಲೂ ಗೂಡಿನೊಳಗೆ ಹಾಸಿಗೆಯಾಗಿದೆ.

ದೊಡ್ಡಪ್ಪ ತೀರ್ಪನ್ನು ಮುಂದಿನ ಭಾನುವಾರಕ್ಕೆ ಮುಂದೂಡಿ ಹೋದರು. ಆ ಭಾನುವಾರ ಬಂದರು. ಕುರ್ಚಿ ಹಾಕಿಕೊಟ್ಟೆ. ಬಗ್ಗದೆ, ಮಂಡಿ ಮಡಚದೆ, ಕೂತಲ್ಲಿಂದಲೇ ಬೀರುವಿನೊಳಗೆ ನೋಡಿದರು. ಬೋಗುಣಿ ಹಿಡಿ ಸೊಪ್ಪನ್ನು ಕರಕರ ಮುಗಿಸಿ, ನನ್ನ ಹೆಂಡತಿಯ ಕೈಯಿಂದ ಹೂವನ್ನೂ ತಿಂದಿತು.

"ಇಲ್ಲೇ ಇರಲಿ ಪುಟ್ಟೀ," ಎಂದರು. ಪಿಸುಮಾತಿನಲ್ಲಲ್ಲ. ಗಟ್ಟಿಯಾಗಿ, ಲೈಬ್ರರಿಯ ಜನ್ಮದಲ್ಲೇ ಹೇಳಿರದಷ್ಟು ಗಟ್ಟಿಯಾಗಿ. "ನಿನ್ನ ಗಂಡ ಒಳ್ಳೇ ಮನೆ ಕಟ್ಟಿದಾರೆ."

ಕೇಳಬೇಕೆ! ನನ್ನ ಎದೆ ಉಬ್ಬಿತು. "ದೊಡ್ಡಪ್ಪ, ಎಲ್ಲರೂ ಸೇರಿ ಒಂದು ಫೋಟೋ ತೆಗೆಯೋಣ! ಇರಿ, ಒಳ್ಳೇ ಅಂಗಿ ಹಾಕ್ಕೊಂಡು ಬಂದೆ!" ಎಂದು ಹಾಲಿಗೆ ಓಡಿದೆ.

ಹೆಂಡತಿಯ ಬಲಗಾಲು ನೆಲ ಒತ್ತಿದ್ದನ್ನು ನಾನು ಗಮನಿಸಲಿಲ್ಲ.

ಹೇಳುವುದು ಮರೆತೆ. ಬೀರು ಆಮೆಗಳ ಪಾಲಾದ ಮೇಲೆ ನನ್ನ ಬಟ್ಟೆಗಳು ಎಲ್ಲಿಗೆ ಹೋಗಬೇಕು? ಹಾಲಿನಲ್ಲಿ ಖಾಲಿ ಶೋಕೇಸು ಇತ್ತಲ್ಲ. ಕಾಗದ ಕಿತ್ತು, ಗಾಜು ಕೂಡಿಸಿ, ನೆಲದ ಮೇಲೇ ನಿಲ್ಲಿಸಿ, ಹೆಂಡತಿ ನನ್ನ ಬಟ್ಟೆಗಳನ್ನೆಲ್ಲ ಅದರಲ್ಲಿ ಜೋಡಿಸಿಟ್ಟಿದ್ದಾಳೆ. ಬನಿಯನ್ನುಗಳ ಮೇಲೆ ಸ್ಪಾಟ್‌ಲೈಟು ಬೀಳುತ್ತದೆ. ಮನೆಗೆ ಬಂದವರು ಮೊದಲು ಅದನ್ನೇ ನೋಡು‍ತ್ತಾರೆ, ನಮ್ಮ ಕಸುಬಿನ ಗೆಲುವೆಂದೇ ಇಟ್ಟುಕೊಳ್ಳೋಣ.

ನಾನು ಬಗ್ಗಿದೆ. ಒಳಗಿನ ಕನ್ನಡಿಯಲ್ಲಿ ನಗುಮುಖದ ಗಂಡಸೊಬ್ಬ ಕಂಡ. ಒಳ್ಳೆಯ ಮನೆ ಕಟ್ಟಿದವನು! ಅವನನ್ನು ಇನ್ನೂ ಹತ್ತಿರದಿಂದ ನೋಡೋಣವೆಂದು, ಎದುರಿಗೆ ಗಾಜಿರುವುದನ್ನೇ ಮರೆತು, ಉತ್ಸಾಹದಿಂದ ತಲೆ ಮುಂದೆ ಮಾಡಿದೆ.

ಟಕ್!

ಕೆಳಮನೆಯ ಕಿಟಕಿ ಧಡಾರನೆ ತೆರೆಯಿತು. "ಅಕ್ಕಾ! ಮುಚ್ಚಳ ಮತ್ತೆ ಶುರು ಮಾಡಿದ್ನಾ?" ಎಂದು ಸಿಸ್ಟರ್ ಕೂಗಿದರು.

ನಮ್ಮ ಕಿಟಕಿಯಿಂದ ಹೆಂಡತಿ ಬಗ್ಗಿ ಉತ್ತರ ಕೊಟ್ಟಳು. "ಇಲ್ಲ ಸಿಸ್ಟರ್, ಅವನು ಒಂದೇ ವಾರಕ್ಕೆ ಕಲಿತುಬಿಟ್ಟ. ಇದು ನಮ್ಮನೆಯವರು!"